ನಂದಿಯ ಏರು, ಕುಕ್ ಟೌನ್‌ನ ಬೆಂಚು

ನಸುಕಿನ ನಾಲ್ಕೂವರೆಗೆ ಕುಕ್ ಟೌನ್ ಇನ್ನೂ ಮುಸುಕು ಹೊದ್ದು ಮಲಗಿರುತ್ತದೆ. ವೀಲರ್ ರಸ್ತೆಯಲ್ಲಿ ಬೀದಿದೀಪಗಳು ಉರಿಯುತ್ತಿರುತ್ತವೆ, ಅವುಗಳ ಕೆಳಗೆ ಓಡಾಡುವವರು ಯಾರೂ ಇರುವುದಿಲ್ಲ. ಬೆಂಗಳೂರು ಪೂರ್ವ ನಿಲ್ದಾಣದ ಕಡೆಯಿಂದ ಗೂಡ್ಸ್ ಗಾಡಿಯೊಂದು ಹಳಿಯ ಮೇಲೆ ನಿಧಾನಕ್ಕೆ ಉರುಳುವ ಸದ್ದು ಕೇಳಿಬರುತ್ತದೆ. ಆ ಹೊತ್ತಿಗೆ ಮಿಲ್ಟನ್ ಬೀದಿಯ ಉದ್ಯಾನದಿಂದ ಕೂಗಳತೆಯಲ್ಲಿರುವ ಒಂದು ಸಣ್ಣ ಮನೆಯಲ್ಲಿ ದೀಪ ಹತ್ತುತ್ತದೆ.

ಒಳಗಿರುವವನು ಇಪ್ಪತ್ಮೂರು ವರ್ಷದ ಹುಡುಗ. ಎಚ್ಚರವಾದರೂ ಅವನು ತಕ್ಷಣ ಏಳುವುದಿಲ್ಲ. ಮಲಗಿದಂತೆಯೇ ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು ಇಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ನಾಡಿ ಎಣಿಸುತ್ತಾನೆ. ಎಣಿಕೆಯನ್ನು ತಲೆದಿಂಬಿನ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಸಾಮಾನ್ಯ ಆರೋಗ್ಯವಂತರಿಗೆ ಈ ಎಣಿಕೆ 60ರಿಂದ 80ರ ಆಸುಪಾಸು ಬರುತ್ತದೆ. ವರ್ಷಗಟ್ಟಲೆ ಸೈಕಲ್ ತುಳಿದ ಇವನ ಹೃದಯ ಹಿಗ್ಗಿ ಬಲಿತು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ, ಹಾಗಾಗಿ 48 ಸಲ ಬಡಿದರೆ ಸಾಕು. ನೋಟ್‌ಬುಕ್ಕಿನ ತುಂಬ 48, 47, 49 ಎಂಬ ಅಂಕಿಗಳೇ.

ಆದರೆ ಈ ದಿನ ಬಂದದ್ದು 57. ಹುಡುಗ ಅದನ್ನೂ ಬರೆದ. ಬರೆದು, ನೋಟ್‌ಬುಕ್ ಮುಚ್ಚಿಟ್ಟು, ಬಟ್ಟೆ ಬದಲಿಸಿಕೊಳ್ಳತೊಡಗಿದ.

ಮೂರು ವಾರದಲ್ಲಿ ರಾಜ್ಯ ತಂಡದ ಆಯ್ಕೆ ಇದೆ. ಅಲ್ಲಿ ಗೆದ್ದರೆ ರಾಷ್ಟ್ರೀಯ ಪಂದ್ಯ, ಅಲ್ಲೊಂದು ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯ ಕೆಲಸಕ್ಕೆ ಅರ್ಜಿ ಹಾಕಬಹುದು. ದೇಶದ ಒಳ್ಳೆಯ ಸೈಕಲ್ ಸವಾರರಲ್ಲಿ ಬಹಳ ಮಂದಿಗೆ ಅನ್ನ ಕೊಟ್ಟಿರುವುದು ರೈಲ್ವೆ ಮತ್ತು ಸೇನೆಯೇ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಅಪ್ಪ ಗಟ್ಟಿ ದನಿಯಲ್ಲಿ ಹೇಳಿಲ್ಲ, ಆದರೂ ಮಾತು ಮುಗಿದಂತೆಯೇ: "ಈ ವರ್ಷ ನೋಡೋಣ ಕಣಪ್ಪ. ಆಗದಿದ್ದರೆ ಎಲ್ಲಾದರೂ ಸೇರಿಕೊ." ಇಂಥ ಹೊತ್ತಿನಲ್ಲಿ ನಾಡಿಯ ಒಂಬತ್ತು ಬಡಿತಕ್ಕೆ ಹೆದರಿ ಮತ್ತೆ ಮಲಗುವುದುಂಟೆ?

ಸೈಕಲ್ ಕಂಡ ಬೀದಿಗಳು

ಸೈಕಲ್ಲಿಗೂ ಈ ಬಡಾವಣೆಗೂ ಹಳೆಯ ನಂಟು. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ನೆಲೆಗೊಳಿಸಿದರು. 1864ರಲ್ಲಿ ಜೋಲಾರ್‌ಪೇಟೆಯಿಂದ ದಂಡಿಗೆ ರೈಲು ಬಂತು. 1898ರ ಪ್ಲೇಗು ಇಕ್ಕಟ್ಟಿನ ಕೇರಿಗಳನ್ನು ಬಡಿದ ಮೇಲೆ ದಂಡಿನ ಉತ್ತರ ಮತ್ತು ಪೂರ್ವ ಅಂಚಿನಲ್ಲಿ ಅಗಲ ರಸ್ತೆಯ, ಗಾಳಿ ಬೆಳಕಿನ ಹೊಸ ಬಡಾವಣೆಗಳು ಬೆಳೆದವು. ಫ್ರೇಜರ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್, ಕುಕ್ ಟೌನ್ ಎಲ್ಲವೂ ಆಂಗ್ಲರ ಹೆಸರು ಹೊತ್ತವು. ಮುಂದೆ ಫ್ರೇಜರ್ ಟೌನಿಗೆ ಪುಲಕೇಶಿನಗರ ಎಂದೂ ಕುಕ್ ಟೌನಿಗೆ ಸರ್ವಜ್ಞನಗರ ಎಂದೂ ನಾಮಕರಣವಾಯಿತು. ಆಟೋದವರನ್ನು ಕೇಳಿದರೆ ಮಾತ್ರ ಇಂದಿಗೂ ಕುಕ್ ಟೌನೇ. ತ್ರಿಪದಿಯ ಸರ್ವಜ್ಞನ ಹೆಸರಿನ ಈ ಊರಿನಿಂದ ಸ್ವಲ್ಪ ದೂರದ ಹಲಸೂರು ಕೆರೆಯ ದಡದಲ್ಲಿ 2009ರಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಿತು. ಕನ್ನಡ, ತಮಿಳು, ಉರ್ದು, ಮಲಯಾಳ, ಇಂಗ್ಲಿಷುಗಳು ಒಂದೇ ಬೀದಿಯಲ್ಲಿ ಓಡಾಡುವ ಕಡೆ ಈ ನೆರೆಹೊರೆ ಒಪ್ಪುವಂಥದೇ.

ಬಾಣಸವಾಡಿ ರಸ್ತೆಯಲ್ಲಿ ಹಿಂದೆ ದೊಡ್ಡ ಸಿಗರೇಟು ಕಾರ್ಖಾನೆ ಇತ್ತು. ಪಾಳಿ ಬಿಟ್ಟಾಗ ಗೇಟಿನಿಂದ ಹೊರಬರುತ್ತಿದ್ದುದು ಸೈಕಲ್ಲುಗಳ ಸಾಲು. ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳಿಗೂ ಈ ಕಡೆಯಿಂದ ಊಟದ ಡಬ್ಬಿ ಕಟ್ಟಿಕೊಂಡು ಸೈಕಲ್ ಏರಿ ಹೋದವರಿಗೆ ಲೆಕ್ಕವಿಲ್ಲ. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕುಳಿತು ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಅಂದು ಸೈಕಲ್ ಹೊಟ್ಟೆಪಾಡಿನ ಗಾಡಿ. ಕಾರ್ಖಾನೆ ಹೋಗಿ ಆ ಜಾಗಕ್ಕೆ ಕಂಪ್ಯೂಟರ್ ಕಚೇರಿ ಬಂತು. ಮೊಪೆಡ್ಡು, ಸ್ಕೂಟರು, ಕಾರು ಬಂದವು. ಈಗ ಇಲ್ಲಿ ಸೈಕಲ್ ಕಾಣುವುದು ಬೆಳಕು ಹರಿಯುವ ಮೊದಲು. ತಲೆಗೆ ಹೆಲ್ಮೆಟ್, ಹಿಂದೆ ಮಿನುಗುವ ಕೆಂಪು ದೀಪ, ಬೆರಳಿನಷ್ಟೇ ದಪ್ಪದ ಟೈರು.

ಇಬ್ಬರು ಜೊತೆಗಾರರು

ಐದು ಗಂಟೆಗೆ ಲಿಂಗರಾಜಪುರದ ಮೇಲ್ಸೇತುವೆಯ ಹತ್ತಿರ ಇಬ್ಬರು ಕಾಯುತ್ತಿದ್ದರು. ಒಬ್ಬ ಹುಡುಗನ ಶಾಲಾ ದಿನಗಳ ಗೆಳೆಯ, ಈಗ ಕಂಪ್ಯೂಟರ್ ಕಂಪನಿಯೊಂದರಲ್ಲಿ ರಾತ್ರಿಪಾಳಿಯ ಕೆಲಸ. ಇನ್ನೊಬ್ಬಳು ಬಾಣಸವಾಡಿಯವಳು, ಫಿಸಿಯೋಥೆರಪಿ ಓದುತ್ತಿರುವ ಹುಡುಗಿ. ಇವರಿಬ್ಬರಿಗೂ ಪಂದ್ಯ ಗೆಲ್ಲುವ ಆಸೆಯಿಲ್ಲ. ಗೆಳೆಯ ಒಬ್ಬನೇ ಹೆದ್ದಾರಿಗೆ ಹೋಗಬಾರದು ಎಂಬುದೊಂದು ಕಾರಣ, ನಂದಿ ಬೆಟ್ಟದ ತಂಪು ಇನ್ನೊಂದು ಕಾರಣ.

"ನಿದ್ದೆ ಆಯ್ತೇನೋ?" ಎಂದಳು ಹುಡುಗಿ.

"ಆಯ್ತು ಕಣೆ, ನಡಿ ನಡಿ" ಎಂದು ಅವನು ಪೆಡಲ್ ತುಳಿದ. 57ರ ಮಾತು ಎತ್ತಲಿಲ್ಲ.

ಹೆಣ್ಣೂರು, ಕೊತ್ತನೂರು, ಕಣ್ಣೂರು, ಬಾಗಲೂರು. ಒಂದು ಕಾಲಕ್ಕೆ ರಾಗಿ ಹೊಲ, ಹುಣಸೆ ತೋಪು ಇದ್ದ ಹಾದಿಯಲ್ಲಿ ಈಗ ಬಹುಮಹಡಿ ಕಟ್ಟಡಗಳು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ದಿಕ್ಕಿನ ಪ್ರತಿಯೊಂದು ಹಳ್ಳಿಯ ಮುಖವೂ ಬದಲಾಯಿತು. ಮಸುಕಿನಲ್ಲಿ ಜಲ್ಲಿ ತುಂಬಿದ ಲಾರಿಗಳು ಹಾಯುವಾಗ ಮೂವರೂ ರಸ್ತೆಯ ಅಂಚು ಹಿಡಿದು ಸಾಲಾಗಿ ಸಾಗುತ್ತಾರೆ. ಮುಂದಿನವನು ಗುಂಡಿ ಕಂಡರೆ ಬೆರಳು ತೋರಿಸುತ್ತಾನೆ. ಹಿಂದಿನವರು ಅದನ್ನು ನೋಡಿ ಪಕ್ಕಕ್ಕೆ ಸರಿಯುತ್ತಾರೆ.

ಹೀಗೆ ಸಾಲಾಗಿ ಹೋಗುವುದು ಸುರಕ್ಷತೆಗಷ್ಟೇ ಅಲ್ಲ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನಿಗೆ ದೊಡ್ಡ ಎದುರಾಳಿ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಆ ತಡೆಯನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು. ಮುಂದೆ ಹೋಗುವವನು ಗಾಳಿ ಸೀಳಿದರೆ, ಅವನ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಬರುವ ಹಿಂದಿನವನಿಗೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಬಾನಿನಲ್ಲಿ ಬೆಳ್ಳಕ್ಕಿಗಳು ಸಾಲು ಕಟ್ಟಿ ಹಾರುವಾಗಲೂ ಇಂಥದೇ ಉಳಿತಾಯದ ಲೆಕ್ಕ ಇದೆ. ಗೆಳೆಯರು ಐದೈದು ನಿಮಿಷಕ್ಕೊಮ್ಮೆ ಮುಂದೆ ಬಂದು ಹುಡುಗನ ಪಾಲಿನ ಗಾಳಿಯನ್ನು ತಾವು ತಿನ್ನುತ್ತಾರೆ.

ದೇವನಹಳ್ಳಿ ಬರುವಾಗ ಮೂಡಣ ಕೆಂಪಾಗಿತ್ತು. ಟಿಪ್ಪು ಹುಟ್ಟಿದ ಊರು, ಚಕ್ಕೋತ ಹಣ್ಣಿನ ಊರು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ದ್ರಾಕ್ಷಿ ಚಪ್ಪರಗಳು, ಹೂವಿನ ತೋಟಗಳು. ಎದುರಿಗೆ ಮಂಜಿನ ಮೇಲೆ ತೇಲಿದಂತೆ ನಂದಿಯ ಬೆನ್ನು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಪುರಾತನ ಗುಡಿ ಇದೆ. ಬೆಟ್ಟದ ಮೇಲಿರುವವನು ಯೋಗನಂದೀಶ್ವರ. ಕೆಳಗೆ ಭೋಗ, ಮೇಲೆ ಯೋಗ. ಸೈಕಲ್ ಸವಾರರಿಗೆ ಮಾತ್ರ ನಡುವೆ ಇನ್ನೊಂದು ಇದೆ, ಅದು ರೋಗ ಎಂದು ರಾತ್ರಿಪಾಳಿಯ ಗೆಳೆಯ ಪ್ರತಿ ಸಲವೂ ಹಾಸ್ಯ ಮಾಡುತ್ತಾನೆ.

ಮೂರು ಫ್ಯಾನು, ಒಂದು ಇಸ್ತ್ರಿ ಪೆಟ್ಟಿಗೆ

ನಂದಿಯ ಘಾಟಿ ರಸ್ತೆ ಸುಮಾರು ಎಂಟು ಕಿಲೋಮೀಟರ್. ಏರು ಸುಮಾರು 450 ಮೀಟರ್. ಹೋದ ತಿಂಗಳು ಹುಡುಗ ಇದನ್ನು 25 ನಿಮಿಷ 40 ಸೆಕೆಂಡಿನಲ್ಲಿ ಹತ್ತಿದ್ದ. ಇವತ್ತು 25 ನಿಮಿಷದೊಳಗೆ ಹತ್ತಬೇಕು, ಅದೂ ಮೂರು ಸಲ ಎಂಬುದು ಅವನು ಹಾಕಿಕೊಂಡ ಲೆಕ್ಕ.

ಈ ಕೆಲಸ ಎಷ್ಟು ದೊಡ್ಡದು ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಹುಡುಗನ ತೂಕ 65 ಕಿಲೋ, ಸೈಕಲ್ಲು ನೀರಿನ ಬಾಟಲಿ ಸೇರಿ ಇನ್ನೊಂದು 9 ಕಿಲೋ. ಈ 74 ಕಿಲೋವನ್ನು 450 ಮೀಟರ್ ಮೇಲೆತ್ತಲು ಸುಮಾರು 3,26,000 ಜೂಲ್ ಬೇಕು. ಅದನ್ನು 25 ನಿಮಿಷ 40 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 212 ಜೂಲ್, ಅಂದರೆ 212 ವ್ಯಾಟ್. ಗಾಳಿಯ ತಡೆ, ಟೈರಿನ ಘರ್ಷಣೆ ಸೇರಿಸಿದರೆ 250 ವ್ಯಾಟ್ ಹತ್ತಿರ. ಮನೆಯ ಸೀಲಿಂಗ್ ಫ್ಯಾನು ಸಾಮಾನ್ಯವಾಗಿ 75 ವ್ಯಾಟಿನದು. ಅಂಥ ಮೂರು ಫ್ಯಾನುಗಳನ್ನು ಎರಡು ಕಾಲುಗಳು ಎಡೆಬಿಡದೆ ಅರ್ಧ ಗಂಟೆಯ ಹತ್ತಿರ ತಿರುಗಿಸಿದಂತೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮನುಷ್ಯನ ಸ್ನಾಯು ತಾನು ಉರಿಸಿದ ಆಹಾರದ ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತದೆ. ಉಳಿದ ಮುಕ್ಕಾಲು ಭಾಗ ಶಾಖ. ಕಾಲು 250 ವ್ಯಾಟ್ ದುಡಿಯುವಾಗ ಮೈ 750 ವ್ಯಾಟ್ ಶಾಖ ಹೊರಹಾಕಬೇಕು. ಅದು ಒಂದು ಇಸ್ತ್ರಿ ಪೆಟ್ಟಿಗೆಯ ಕಾವು! ಬೆವರು ಹರಿದು ಆರಿದರೇನೇ ಆ ಕಾವು ಇಳಿಯುವುದು. ಇಂಧನದ ಲೆಕ್ಕವೂ ಬಿಗಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟದ ರೂಪದಲ್ಲಿ ಇರುವ ದಾಸ್ತಾನು ಅರ್ಧ ಕಿಲೋ ಆಸುಪಾಸು. ಇದರಿಂದ ಸಿಗುವುದು ಸುಮಾರು 2,000 ಕ್ಯಾಲೊರಿ. ಕುಕ್ ಟೌನಿನಿಂದ ನಂದಿಗೆ ಹೋಗಿ ಬರುವ ಹೆಚ್ಚುಕಡಿಮೆ 120 ಕಿಲೋಮೀಟರಿಗೆ ಅಷ್ಟು ಸಾಲದು. ಅದಕ್ಕೇ ಅಂಗಿಯ ಹಿಂಜೇಬಿನಲ್ಲಿ ಏಲಕ್ಕಿ ಬಾಳೆಹಣ್ಣು, ಕಡಲೆಮಿಠಾಯಿ. ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನಕ್ಕೆ ಉರಿಯುವ ಸೌದೆ. ಏರಿನಲ್ಲಿ ಬೇಕಾದದ್ದು ಭಗ್ಗನೆ ಹತ್ತುವ ಚಕ್ಕೆ.

ಏಳು ಗಂಟೆ ಹತ್ತು ನಿಮಿಷಕ್ಕೆ ಹುಡುಗ ಏರತೊಡಗಿದ. ಮೊದಲ ತಿರುವುಗಳಲ್ಲಿ ಉಸಿರು ಲಯಕ್ಕೆ ಬಂತು. ಎರಡು ತುಳಿತಕ್ಕೆ ಒಂದು ಉಸಿರು. ಕೋತಿಗಳು ತಡೆಗೋಡೆಯ ಮೇಲೆ ಕುಳಿತು ನೋಡಿದವು. ಅರ್ಧ ದಾರಿಯಲ್ಲಿ ತೊಡೆ ಭಾರವಾಯಿತು. ಅದು ದಿನವೂ ಆಗುವುದೇ. ಆದರೆ ಇಂದು ಎದೆಗೆ ಕಟ್ಟಿದ ಪಟ್ಟಿ ತೋರಿಸುವ ನಾಡಿಯ ಎಣಿಕೆ ಏರಲೇ ಇಲ್ಲ. ಎಂದಿನಂತೆ 180 ಮುಟ್ಟಬೇಕಾದ ಕಡೆ 168ಕ್ಕೆ ನಿಂತುಬಿಟ್ಟಿತು. ಕಾಲು ಕೇಳುತ್ತಿದೆ, ಹೃದಯ ಕೊಡುತ್ತಿಲ್ಲ. ಮೇಲಿನ ಗೇಟು ಮುಟ್ಟಿದಾಗ 26 ನಿಮಿಷ 30 ಸೆಕೆಂಡು.

ಕೆಳಗಿಳಿದು ಎರಡನೆಯ ಸಲ ಹತ್ತಿದ. 28 ನಿಮಿಷ ದಾಟಿತು. ಕೊನೆಯ ತಿರುವಿನಲ್ಲಿ, ಇಬ್ಬರು ಗೆಳೆಯರು ಬಂಡೆಗೆ ಒರಗಿ ಬಿಸಿಲು ಕಾಯಿಸುತ್ತಿದ್ದ ಕಡೆ, ಅವನು ಸೈಕಲ್ ಇಳಿದು ಗೋಡೆಯ ಮೇಲೆ ತಲೆ ಬಗ್ಗಿಸಿ ಕುಳಿತ. ಬೆವರೋ ಕಣ್ಣೀರೋ ಯಾರೂ ಕೇಳಲಿಲ್ಲ. ಕೆಳಗೆ ದ್ರಾಕ್ಷಿ ಚಪ್ಪರದ ಮೇಲಿನ ಮಂಜು ಕರಗಿ ಕೆರೆಯೊಂದು ಹೊಳೆಯುತ್ತಿತ್ತು.

"ಇನ್ನೊಂದು ಸಲ ಹತ್ತಿಬಿಡ್ತೀನಿ" ಎಂದ, ಸ್ವಲ್ಪ ಹೊತ್ತಾದ ಮೇಲೆ.

ಹುಡುಗಿ ಅವನ ಕೈ ಹಿಡಿದು ನಾಡಿ ನೋಡಿದಳು. "ಬೆಳಗ್ಗೆ ಎಷ್ಟಿತ್ತು, ನಿಜ ಹೇಳು."

"ಐವತ್ತೇಳು."

"ನಿನ್ನೆ?"

"ಐವತ್ನಾಲ್ಕು. ಮೊನ್ನೆ ಐವತ್ಮೂರು."

"ಹಾಗಾದ್ರೆ ಸುಮ್ನೆ ಮನೆಗೆ ನಡಿ" ಎಂದಳು. ರಾತ್ರಿಪಾಳಿಯ ಗೆಳೆಯ ಏನೂ ಹೇಳದೆ ತನ್ನ ಪಾಲಿನ ಕಡಲೆಮಿಠಾಯಿಯನ್ನು ಅವನ ಕೈಗೆ ಇಟ್ಟ.

ಪಫ್ಸ್, ನಿದ್ದೆ, ಕೇರಂ

ಮರಳುವ ದಾರಿಯಲ್ಲಿ ಮಾತಿಲ್ಲ. ಗೆಳೆಯರಿಬ್ಬರೇ ಸರದಿಯಂತೆ ಮುಂದೆ ನಿಂತು ಗಾಳಿ ಸೀಳಿದರು. ಹನ್ನೊಂದು ಗಂಟೆಗೆ ವೀಲರ್ ರಸ್ತೆ. ಬೇಕರಿಯ ಗಾಜಿನ ಹಿಂದೆ ಆಗತಾನೆ ಒಲೆಯಿಂದ ಇಳಿದ ಪಫ್ಸ್, ಬನ್ನು. ದಂಡಿನ ಕಡೆಯ ಬೀದಿಗಳಿಗೆ ಬೇಕರಿ ಎಂದರೆ ಬರೀ ಅಂಗಡಿಯಲ್ಲ. ಕ್ರಿಸ್‌ಮಸ್ಸಿನ ಪ್ಲಮ್ ಕೇಕು, ರಂಜಾನಿನ ಸಂಜೆಯ ಸಮೋಸ, ನೆಂಟರು ಬಂದಾಗಿನ ಖಾರದ ಬಿಸ್ಕತ್ತು, ಎಲ್ಲ ಮನೆಯವರ ದಾರಿಯೂ ಇಲ್ಲಿ ಒಂದಾಗುತ್ತದೆ. ಮೂವರೂ ನಿಂತೇ ಎರಡೆರಡು ಪಫ್ಸ್ ತಿಂದು, ಸಕ್ಕರೆ ಹೆಚ್ಚು ಹಾಕಿಸಿಕೊಂಡು ಚಹಾ ಕುಡಿದರು. ಬೆವರಿ ಬಂದವರಿಗೆ ಆಹಾರ ಸೇರುವುದೂ ಬೇಗ. ದಣಿದ ಸ್ನಾಯು ಮೊದಲ ಎರಡು ಗಂಟೆಯಲ್ಲಿ ಪಿಷ್ಟವನ್ನು ತುಂಬಿಕೊಳ್ಳುವ ವೇಗ ಆಮೇಲೆ ಇರುವುದಿಲ್ಲ. ಮನೆಯಲ್ಲಿ ಅಮ್ಮ ಬಡಿಸಿದ್ದು ಅನ್ನ, ಹುರುಳಿಕಾಳಿನ ಸಾರು, ಮೊಟ್ಟೆ, ಮೊಸರು. ಉಂಡವನೇ ಮಲಗಿದ.

ಸಂಜೆ ಐದಕ್ಕೆ ಎಬ್ಬಿಸಿದ್ದು ಗೆಳೆಯರ ದನಿ. ಮಿಲ್ಟನ್ ಬೀದಿಯ ಉದ್ಯಾನಕ್ಕೆ ಆ ಹೊತ್ತಿಗೆ ಜೀವ ಬರುತ್ತದೆ. ಒಂದೇ ಸಮನೆ ಸುತ್ತುವ ಹಿರಿಯರು, ಜೋಕಾಲಿಗೆ ಜಗಳವಾಡುವ ಮಕ್ಕಳು, ಬೆಂಚಿನ ಮೇಲೆ ಮಲಯಾಳದಲ್ಲಿ ಹರಟುವ ಅಜ್ಜಿಯರು. ಸುತ್ತಲಿನ ಬೀದಿಗಳಲ್ಲಿ ಹಳೆಯ ಬಂಗಲೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಮಂಗಳೂರು ಹೆಂಚು, ಕಿಟಕಿಯ ಮೇಲೆ ಚೂಪಾದ ಮರದ ಮಾಡು, ಮುಂದೆ ಮಾವಿನ ಮರ. ಅಂಥದೊಂದು ಬಂಗಲೆಯ ಜಗಲಿಯಲ್ಲಿ ಕೇರಂ ಬೋರ್ಡು ಹಾಸಿರುತ್ತದೆ. ಮನೆಯ ಯಜಮಾನರು ಎಂಬತ್ತು ದಾಟಿದ ಆಂಗ್ಲೋ ಇಂಡಿಯನ್ನರು, ರೈಲ್ವೆಯಲ್ಲಿ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆಗಿ ನಿವೃತ್ತರಾದವರು. ಬೀದಿಯ ಹುಡುಗರಿಗೆಲ್ಲ ಅವರು ಅಂಕಲ್.

ಜಗಲಿಯಲ್ಲಿ ಜೀವನಹಳ್ಳಿಯ ಸೈಕಲ್ ಮೆಕ್ಯಾನಿಕ್ ಅಣ್ಣ ಆಗಲೇ ಬಂದು ಕುಳಿತಿದ್ದರು. ಅವರ ಬೆರಳಿನ ಗ್ರೀಸು ಪೌಡರಿಗೆ ಹತ್ತಿ ಕೇರಂ ಬೋರ್ಡು ಹಾಳಾಗುತ್ತದೆಂದು ಅಂಕಲ್ ಗದರುವುದು, ಅಣ್ಣ ಪ್ಯಾಂಟಿಗೆ ಕೈ ಒರೆಸಿಕೊಂಡು ಕೆಂಪುಕಾಯಿಯನ್ನೇ ಬೀಳಿಸುವುದು, ಇದು ಪ್ರತಿ ಸಂಜೆಯ ಸಂಪ್ರದಾಯ. ಹುಡುಗ ಮಾತ್ರ ಈ ಜಗಲಿಗೆ ಬಂದು ತಿಂಗಳ ಮೇಲಾಗಿತ್ತು. ಪಂದ್ಯ ಹತ್ತಿರ ಬಂದಾಗ ಹರಟೆಗೆ ಕೂರುವುದು ಕಾಲಹರಣ ಎಂದು ಅವನು ಬಿಟ್ಟಿದ್ದ. ಸಂಜೆಯೂ ಒಂದು ಗಂಟೆ ತುಳಿಯುತ್ತಿದ್ದ. ಭಾನುವಾರದ ಬಿಡುವನ್ನೂ ತೆಗೆದುಹಾಕಿದ್ದ.

ಬೆಳಗಿನ ಕಥೆ ಕೇಳಿದ ಅಂಕಲ್ ಸ್ಟ್ರೈಕರ್ ಕೆಳಗಿಟ್ಟರು. "ಎಷ್ಟು ದಿನ ಆಯ್ತು ಮ್ಯಾನ್, ಶೆಡ್‌ಗೆ ಹೋಗಿ?"

ಹುಡುಗನಿಗೆ ಅರ್ಥವಾಗಲಿಲ್ಲ.

ಅಂಕಲ್ ಹೇಳಿದರು: ಅವರು ಉಗಿಬಂಡಿಯ ಕಾಲದವರು. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಬರುವುದೆಂದರೆ ಉದ್ದಕ್ಕೂ ಏರು. ಅಂಥ ಒಂದು ಓಟ ಮುಗಿಸಿದ ಎಂಜಿನನ್ನು ಹಾಗೇ ಇನ್ನೊಂದು ಗಾಡಿಗೆ ಕಟ್ಟುತ್ತಿರಲಿಲ್ಲ. ಶೆಡ್ಡಿಗೆ ಹೋಗಬೇಕು. ಬೂದಿ ತೆಗೆಯಬೇಕು, ಕೊಳವೆಗಳಲ್ಲಿ ಕಟ್ಟಿದ ಮಸಿ ಕೆರೆಯಬೇಕು, ಎಣ್ಣೆ ಹಾಕಬೇಕು. ಇಷ್ಟು ದಿನಕ್ಕೊಮ್ಮೆ ಬೆಂಕಿಯನ್ನೇ ಆರಿಸಿ ಬಾಯ್ಲರ್ ತೊಳೆಯಬೇಕು. "ಶೆಡ್ ತಪ್ಪಿಸಿದ್ರೆ ಕಲ್ಲಿದ್ದಲು ಎಷ್ಟು ಹಾಕಿದ್ರೂ ಸ್ಟೀಮ್ ಏರಲ್ಲ ಮ್ಯಾನ್. ಘಾಟಿ ಮಧ್ಯೆ ನಿಲ್ಲುತ್ತೆ. ಡ್ರೈವರ್ ಎಷ್ಟೇ ಬೈದ್ರೂ ಅಷ್ಟೇ."

ಬಲ ಬರುವ ಹೊತ್ತು

ಶೆಡ್ಡಿನ ಈ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಜೀವಿಯ ಮೇಲೆ ಯಾವ ಬಗೆಯ ಒತ್ತಡ ಬಿದ್ದರೂ ಅದರ ದೇಹ ಮೂರು ಹಂತಗಳಲ್ಲಿ ಪ್ರತಿಕ್ರಿಯಿಸುತ್ತದೆ ಎಂದು ತೋರಿಸಿದ. ಮೊದಲು ಗಾಬರಿ, ಆಮೇಲೆ ಎದುರಿಸಿ ನಿಲ್ಲುವ ಬಲ, ಒತ್ತಡ ಬಿಡದೆ ಮುಂದುವರಿದರೆ ಕೊನೆಗೆ ಬಳಲಿಕೆ. ಮುಂದೆ ಕ್ರೀಡಾ ತರಬೇತಿಯೂ ಈ ವಿಚಾರವನ್ನು ಎತ್ತಿಕೊಂಡಿತು. ಕಠಿಣ ವ್ಯಾಯಾಮ ಮಾಡುವಾಗ ಮನುಷ್ಯ ಬಲಶಾಲಿಯಾಗುವುದಿಲ್ಲ, ದುರ್ಬಲನಾಗುತ್ತಾನೆ. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಹರಿಯುತ್ತವೆ, ಪಿಷ್ಟದ ದಾಸ್ತಾನು ಬರಿದಾಗುತ್ತದೆ. ಆಮೇಲಿನ ವಿಶ್ರಾಂತಿಯಲ್ಲಿ, ಮುಖ್ಯವಾಗಿ ಗಾಢ ನಿದ್ದೆಯಲ್ಲಿ, ದೇಹ ಇದನ್ನೆಲ್ಲ ರಿಪೇರಿ ಮಾಡಿಕೊಳ್ಳುತ್ತದೆ. ಇನ್ನೊಮ್ಮೆ ಇಂಥ ಪೆಟ್ಟು ಬಿದ್ದೀತೆಂದು ಮೊದಲಿಗಿಂತ ಒಂದಿಷ್ಟು ಹೆಚ್ಚೇ ಕಟ್ಟಿಕೊಳ್ಳುತ್ತದೆ. ಆ ಹೆಚ್ಚುವರಿಯೇ ಬಲ. ರಿಪೇರಿ ಮುಗಿಯುವ ಮೊದಲೇ ಮತ್ತೆ ಮತ್ತೆ ಪೆಟ್ಟು ಕೊಟ್ಟರೆ ಕಟ್ಟಡ ಏಳುವುದಿಲ್ಲ, ಕುಸಿಯುತ್ತದೆ.

ಕುಸಿತದ ಮುನ್ಸೂಚನೆಗಳೂ ಉಂಟು. ಮುಂಜಾನೆಯ ನಾಡಿ ದಿನದಿನಕ್ಕೆ ಏರುವುದು ಒಂದು. ಏರು ಹತ್ತುವಾಗ ಏರಬೇಕಾದ ನಾಡಿ ಏರದಿರುವುದು ಇನ್ನೊಂದು. ನಿದ್ದೆ ಕೆಡುವುದು, ಸಿಡುಕು, ಊಟ ಸೇರದಿರುವುದು, ಮೇಲಿಂದ ಮೇಲೆ ನೆಗಡಿ ಇವೂ ಸೇರುತ್ತವೆ. ಹುಡುಗನ ನೋಟ್‌ಬುಕ್ಕಿನಲ್ಲಿ ಮೂರು ದಿನದಿಂದ ಈ ಕಥೆ ಬರೆದೇ ಇತ್ತು. ಬರೆದವನೇ ಓದಿರಲಿಲ್ಲ.

ಮೆಕ್ಯಾನಿಕ್ ಅಣ್ಣ ತಮ್ಮ ಭಾಷೆಯಲ್ಲಿ ಹೇಳಿದರು: "ಚೈನಿಗೆ ಎಣ್ಣೆ ಹಾಕ್ತೀಯ, ಒರೆಸ್ತೀಯ, ಮಳೇಲಿ ನೆನೆಯದಂಗೆ ನೋಡ್ಕೊಳ್ತೀಯ. ನಿನ್ನ ಮೈಗೆ ಏನು ಮಾಡ್ತೀಯ ತಮ್ಮಾ?"

ಜಗಲಿಯಲ್ಲಿ ನಗು ಎದ್ದಿತು. ಹುಡುಗನೂ ನಕ್ಕ. ಆ ದಿನ ಮೊದಲ ಸಲ.

ಮಾತು ಪಂದ್ಯದ ಕಡೆ ಹೊರಳಿತು. 2016ರಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರ ಸ್ಪರ್ಧಿಸಿದ ನವೀನ್ ಜಾನ್ ಬೆಂಗಳೂರಿನ ರಸ್ತೆಗಳಲ್ಲೇ ಪಳಗಿದವರು. ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದವರು ಅಲ್ಲಿ ಸೈಕಲ್ ಹಿಡಿದು, ಊರಿಗೆ ಮರಳಿದ ಮೇಲೆ 2014ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಅದಕ್ಕೂ ಬಹಳ ಮುಂಚಿನಿಂದ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿ ಹುಡುಗರು, ಹುಡುಗಿಯರು ಸಾಲ ಮಾಡಿ ಕೊಂಡ ಸೈಕಲ್ಲಿನಲ್ಲಿ, ಬಿರುಬಿಸಿಲಿನ ರಸ್ತೆಯಲ್ಲಿ ತುಳಿದು ರಾಜ್ಯಕ್ಕೆ ಪದಕ ತಂದಿದ್ದಾರೆ. ಆಯ್ಕೆಯ ದಿನ ಹುಡುಗ ಎದುರಿಸಬೇಕಾದದ್ದು ಅವರನ್ನೇ. ಅವರಿಗೆ ನಂದಿಯ ತಂಪಿಲ್ಲ, ವೀಲರ್ ರಸ್ತೆಯ ಬೇಕರಿಯಿಲ್ಲ. ಆದರೆ ಸಂಜೆಯಾದರೆ ಹಾಸ್ಟೆಲಿನ ಕಟ್ಟೆ ಇದೆ, ರೊಟ್ಟಿ ಹಂಚಿಕೊಂಡು ಕಾಲು ಚಾಚಿ ಕೂರುವ ಗೆಳೆಯರಿದ್ದಾರೆ. ಒಂಟಿಯಾಗಿ ತುಳಿಯಬಹುದು, ಒಂಟಿಯಾಗಿ ದಣಿವಾರಿಸಿಕೊಳ್ಳುವುದು ಕಷ್ಟ. ದಣಿದವನಿಗೆ ತಾನು ದಣಿದಿದ್ದೇನೆಂದು ತಿಳಿಯುವುದೇ ಕೊನೆಗೆ. ಅದನ್ನು ಮೊದಲು ಕಾಣುವವರು ಎದುರಿಗೆ ಕುಳಿತವರು.

ಬೆಂಗಳೂರಿನಲ್ಲಿ ಹಾಗೆ ಕೂರುವ ಕಟ್ಟೆಗಳೇ ಕಡಿಮೆಯಾಗುತ್ತಿವೆ. ಕುಕ್ ಟೌನಿನಲ್ಲೂ ಬಂಗಲೆಗಳು ಒಂದೊಂದಾಗಿ ಉರುಳಿ ಫ್ಲಾಟುಗಳು ಏಳುತ್ತಿವೆ. ಫ್ಲಾಟಿಗೆ ಕಾರು ನಿಲ್ಲಿಸುವ ಜಾಗ ಇರುತ್ತದೆ, ಜಗಲಿ ಇರುವುದಿಲ್ಲ. ಸೈಕಲ್ ಸವಾರನಿಗೆ ಪ್ರತ್ಯೇಕ ಪಥ ಬೇಕೆಂದು ನಗರದಲ್ಲಿ ಆಗಾಗ ಕೂಗು ಏಳುತ್ತದೆ. ಅದು ಬೇಕಾದದ್ದೇ. ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋಗುವವರಿಗೆ ಅದರ ಬೆಲೆ ಗೊತ್ತು. ಆದರೆ ಪಥದ ಕೊನೆಗೆ ಒಂದು ಬೆಂಚು, ಒಂದು ಜಗಲಿ, ನಾಡಿ ಕೇಳುವ ನಾಲ್ಕು ಜನ ಇರಬೇಕು ಎಂಬ ಬೇಡಿಕೆ ಯಾವ ಮನವಿಪತ್ರದಲ್ಲೂ ಇರುವುದಿಲ್ಲ.

ಏಳು ಗಂಟೆಗೆ ದೀಪ ಹಾಕಿದರು. ಕೇರಂ ಎರಡು ಆಟ ಮುಗಿದಿತ್ತು. ಫ್ರೇಜರ್ ಟೌನಿನಿಂದ ರಾತ್ರಿಪಾಳಿಯ ಗೆಳೆಯ ಬಿರಿಯಾನಿ ಕಟ್ಟಿಸಿಕೊಂಡು ಬಂದ. ಅಂಕಲ್ ಒಳಗಿನಿಂದ ತಟ್ಟೆ ತಂದರು. ಹುಡುಗಿ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಮುಂದಿನ ಮೂರು ವಾರದ ಲೆಕ್ಕ ಬರೆದುಕೊಟ್ಟಳು. ಮೊದಲ ನಾಲ್ಕು ದಿನದ ಎದುರಿಗೆ ಒಂದೇ ಪದ: ನಿದ್ದೆ. ಆಮೇಲೆ ಎರಡು ದಿನ ಉದ್ಯಾನದ ಸುತ್ತ ಹಗುರ ಸವಾರಿ. ನಾಡಿ 48ಕ್ಕೆ ಮರಳಿದರೆ ಮಾತ್ರ ನಂದಿ, ಅದೂ ದಿನಕ್ಕೆ ಒಂದೇ ಸಲ.

"ಅಷ್ಟರಲ್ಲಿ ಇರೋ ಬಲಾನೂ ಹೋಗಿಬಿಟ್ರೆ?" ಎಂದ ಹುಡುಗ.

"ಒಂದು ವಾರದಲ್ಲಿ ಎಲ್ಲೂ ಹೋಗಲ್ಲ. ಒಳಗೇ ಇದೆ, ದಣಿವಿನ ಕೆಳಗೆ ಅಡಗಿದೆ" ಎಂದಳು.

ಆಯ್ಕೆಯಲ್ಲಿ ಏನಾಗುತ್ತದೋ ಯಾರು ಬಲ್ಲರು? ಅವನಿಗಿಂತ ಗಟ್ಟಿಗರು ನಾಲ್ಕು ಮಂದಿ ಬಂದರೆ ರೈಲ್ವೆಯ ಅರ್ಜಿ ಅಲ್ಲಿಗೇ ನಿಂತೀತು. ಅದು ಜಗಲಿಯಲ್ಲಿ ಕುಳಿತ ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಮಾತು ಆಡಲಿಲ್ಲ.

ಮಾರನೆಯ ದಿನ ನಸುಕಿನಲ್ಲಿ ಗೂಡ್ಸ್ ಗಾಡಿ ಎಂದಿನಂತೆ ಹಾದುಹೋಯಿತು. ನಾಲ್ಕೂವರೆಗೆ ಸೈಕಲ್ಲಿನ ಚೈನು ಟಿಕಟಿಕ ಎನ್ನುವುದನ್ನು ಕೇಳಿ ಅಭ್ಯಾಸವಾಗಿದ್ದ ಅಪ್ಪನಿಗೆ ಆ ಸದ್ದಿಲ್ಲದ್ದರಿಂದಲೇ ಎಚ್ಚರವಾಯಿತು. ಹುಡುಗನಿಗೆ ಮೈ ಸರಿಯಿಲ್ಲವೇನೋ ಎಂದು ಎದ್ದು ಬಂದು ಕೋಣೆಯ ಬಾಗಿಲು ಸರಿಸಿದರು. ಸೈಕಲ್ ಗೋಡೆಗೆ ಒರಗಿತ್ತು. ಮಗ ಮಲಗಿದಲ್ಲೇ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದ.

"ಯಾಕೋ, ಹೋಗಲ್ವಾ?"

"ಐವತ್ಮೂರು ಅಪ್ಪ. ಇನ್ನೂ ಐದು ಇಳೀಬೇಕು" ಎಂದವನೇ ಹೊದಿಕೆ ಎಳೆದುಕೊಂಡು ಮಗ್ಗುಲಾದ.